ಎರಡು ‘ಎಂಟು’ಗಳಲ್ಲಿ ಯಾವುದು?

ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಗೆಳೆಯರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿ, ‘ಇದರಲ್ಲಿ ಯಾವುದನ್ನು ಒತ್ತಲಿ, ಹೇಳಿ ಸರ್’ ಎಂದರು. ಪರದೆಯ ಮೇಲೆ ಅಮೆಜಾನ್‌ನ ಎಲಾಸ್ಟಿಕ್ಯಾಶ್ ಸೇವೆಯ ಪುಟ. ಹಿಂದೆ ಯಾರೋ ಹಾಕಿಟ್ಟು ಕೆಲಸ ಬಿಟ್ಟುಹೋದ ರೆಡಿಸ್ 5.0.6 ಇನ್ನೂ ಓಡುತ್ತಿತ್ತು. ಆಯ್ಕೆಯ ಪಟ್ಟಿಯಲ್ಲಿ ರೆಡಿಸ್ 6.2, 7.1, ಜತೆಗೆ ವಾಲ್ಕೀ 7.2, 8.0. ದೊಡ್ಡ ಅಂಕಿಯನ್ನು ಒತ್ತಿ ಕೈತೊಳೆದುಕೊಳ್ಳುವ ಆತುರ ಅವರದು. ಒಂದು ನಿಮಿಷ ತಡೆಯಿರಿ ಎಂದೆ.

ರೆಡಿಸ್, ವಾಲ್ಕೀ ಎರಡೂ ಕ್ಯಾಶ್ ತಂತ್ರಾಂಶಗಳು. ಡೇಟಾಬೇಸಿಗೆ ಪದೇಪದೇ ಕೈಹಾಕುವುದನ್ನು ತಪ್ಪಿಸಲು, ಬೇಕಾದ ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟು ಥಟ್ಟನೆ ಕೊಡುವುದು ಕ್ಯಾಶ್‌ನ ಕೆಲಸ. ದರ್ಶಿನಿಯ ಕೌಂಟರಿನ ಮೇಲೇ ಚಟ್ನಿಯ ಪಾತ್ರೆ ಇರುವ ಹಾಗೆ. ಲಾಗಿನ್, ಒಟಿಪಿ, ಕಾರ್ಟ್ ಎಲ್ಲವೂ ಅಲ್ಲಿರುತ್ತವೆ. ಅದು ನಿಂತರೆ ಹಿಂದಿರುವ ಡೇಟಾಬೇಸಿನ ಮೇಲೆ ಅಷ್ಟೂ ಭಾರ ಒಮ್ಮೆಗೇ ಬೀಳುತ್ತದೆ.

ಇಟಲಿಯ ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ರೆಡಿಸ್, ಹದಿನೈದು ವರ್ಷ ಬಿಎಸ್‌ಡಿ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಗಿತ್ತು. 2024ರ ಮಾರ್ಚ್ 20ರಂದು ರೆಡಿಸ್ ಕಂಪನಿ ಆ ಬಾಗಿಲು ಹಾಕಿತು. 7.4ರಿಂದ ಮುಂದಿನದನ್ನು ಕ್ಲೌಡ್ ಕಂಪನಿಗಳು ಒಪ್ಪಂದವಿಲ್ಲದೆ ಸೇವೆಯಾಗಿ ಮಾರುವಂತಿಲ್ಲ ಎಂದಾಯಿತು. ಎಂಟೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್ಕೀ ಹುಟ್ಟಿತು. ಅಮೆಜಾನ್, ಗೂಗಲ್, ಒರಾಕಲ್ ಬೆನ್ನಿಗೆ ನಿಂತವು. ಅದರ ಬುಡ ರೆಡಿಸ್ 7.2.4.

ಪಟ್ಟಿ ನೋಡುವವರು ಎಡವುವುದು ಇಲ್ಲೇ. 7.2ರವರೆಗೆ ದಾರಿ ಒಂದೇ, ಆಮೇಲೆ ಕವಲು. 2024ರ ಸೆಪ್ಟೆಂಬರಿನ ವಾಲ್ಕೀ 8.0 ಬೇರೆ, 2025ರ ಮೇ ತಿಂಗಳ ರೆಡಿಸ್ 8 ಬೇರೆ. ಅಂಕಿ ಒಂದೇ, ಒಳಗಿನ ಸರಕು ಬೇರೆ. ರೆಡಿಸ್ 7.2ರ ಬ್ಯಾಕಪ್ ಕಡತವನ್ನು ವಾಲ್ಕೀ ಓದುತ್ತದೆ, ಆದರೆ 7.4ರದನ್ನು ವಾಲ್ಕೀ 8.0 ಓದದು. ರೆಡಿಸ್ 8 ಬರುವಾಗ ಕಂಪನಿ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯನ್ನೂ ಸೇರಿಸಿತು. ಅಷ್ಟರಲ್ಲಿ ಕ್ಲೌಡ್ ಕಂಪನಿಗಳು ತಮ್ಮ ತಮ್ಮ ದಾರಿ ಹಿಡಿದಾಗಿತ್ತು: ಎಲಾಸ್ಟಿಕ್ಯಾಶ್‌ನಲ್ಲಿ ರೆಡಿಸ್ 7.1ಕ್ಕೇ ನಿಂತಿತು, ಮೈಕ್ರೊಸಾಫ್ಟ್‌ನ ಅಜೂರ್ ರೆಡಿಸ್ ಕಂಪನಿಯ ಜತೆಗೇ ಉಳಿಯಿತು. ಬಾಡಿಗೆಗೆ ಪಡೆಯುವವರ ಮೇಲೆ ಪರವಾನಗಿಯ ಹೊರೆ ನೇರವಾಗಿ ಬೀಳುವುದಿಲ್ಲ, ನಿಜ. ಆದರೆ ಅವರ ಮುಂದೆ ಯಾವ ಪಟ್ಟಿ ತೆರೆದುಕೊಳ್ಳುತ್ತದೆ ಎನ್ನುವುದನ್ನು ನಿರ್ಧರಿಸುವುದು ಅದೇ ಪರವಾನಗಿ. ಆದ್ದರಿಂದ ಆವೃತ್ತಿಯ ಆಯ್ಕೆಯನ್ನು ಎಂಜಿನಿಯರ್ ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ ಎಂದೇ ನನ್ನ ಭಾವನೆ. ಹಣಕಾಸು ನೋಡಿಕೊಳ್ಳುವವರೂ ಆ ಮೇಜಿಗೆ ಬರಬೇಕು.

ಯಾಕೆಂದರೆ ಲೆಕ್ಕ ಸಣ್ಣದಲ್ಲ. ಅಮೆಜಾನ್ ವಾಲ್ಕೀ ನೋಡ್‌ಗಳ ದರವನ್ನು ರೆಡಿಸ್‌ಗಿಂತ ಶೇ 20ರಷ್ಟು, ಸರ್ವರ್‌ಲೆಸ್ ದರವನ್ನು ಶೇ 33ರಷ್ಟು ಕಡಿಮೆ ಇಟ್ಟಿದೆ. ಇತ್ತ ರೆಡಿಸ್ 4 ಮತ್ತು 5ರ ಸಾಮಾನ್ಯ ಬೆಂಬಲಕ್ಕೆ ಅದು ಕೊಟ್ಟ ಗಡುವು 2026ರ ಜನವರಿ 31. ಆನಂತರವೂ ಅಲ್ಲೇ ಉಳಿದರೆ ಮೊದಲೆರಡು ವರ್ಷ ಶೇ 80, ಮೂರನೆಯ ವರ್ಷ ಶೇ 160 ಹೆಚ್ಚುವರಿ ಶುಲ್ಕ. ನೂರು ರೂಪಾಯಿಯ ನೋಡ್, ಸುಮ್ಮನೆ ಕೂತರೆ ನೂರೆಂಬತ್ತು. ವಾಲ್ಕೀಗೆ ಹೋದರೆ ಎಂಬತ್ತು.

ವೇಗದ ಮಾತು ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ವಾಲ್ಕೀ ಯೋಜನೆಯವರೇ ನಡೆಸಿದ ಪರೀಕ್ಷೆಯಲ್ಲಿ, ಹಿಂದಿನ ಆವೃತ್ತಿಯಲ್ಲಿ ಸೆಕೆಂಡಿಗೆ 3.6 ಲಕ್ಷ ಇದ್ದ ಕೋರಿಕೆಗಳ ಸಂಖ್ಯೆ ವಾಲ್ಕೀ 8.0ರಲ್ಲಿ 11.9 ಲಕ್ಷಕ್ಕೆ ಏರಿತು. ಸಾಧನೆ ದೊಡ್ಡದೇ. ಆದರೆ ಸೆಕೆಂಡಿಗೆ ಕೆಲವೇ ಸಾವಿರ ಕೋರಿಕೆ ಬರುವ ಕಂಪನಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಹುಡುಕಾಟ, ಜೇಸನ್, ವೆಕ್ಟರ್‌ಗಳನ್ನು ಕ್ಯಾಶ್‌ನ ಒಳಗೇ ನೆಚ್ಚಿಕೊಂಡಿರುವವರ ಕಥೆ ಬೇರೆ. ಅವೆಲ್ಲ ಒಳಗೇ ಇರುವ ರೆಡಿಸ್ 8 ಅವರಿಗೆ ಹೊಂದುತ್ತದೆ. ಬರೀ ಇಡುವುದು, ತೆಗೆಯುವುದು, ಅವಧಿ ಮುಗಿದಾಗ ಅಳಿಸುವುದು ಇಷ್ಟೇ ಕೆಲಸವಿದ್ದರೆ ವಾಲ್ಕೀಗೆ ಹೋಗಲು ಹಿಂಜರಿಯಬೇಕಾಗಿಲ್ಲ.

ಗೆಳೆಯರಿಗೆ ಅದನ್ನೇ ಹೇಳಿದೆ, ಆದರೆ ಆ ಗುಂಡಿಯನ್ನು ಅಂದೇ ಒತ್ತಬೇಡಿ ಎಂದೆ. ಮೊದಲು ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ವಾಲ್ಕೀಯ ಬೇರೊಂದು ಕ್ಲಸ್ಟರ್ ಎಬ್ಬಿಸಿದೆವು. ಪರೀಕ್ಷೆಗಿಟ್ಟ ಆ್ಯಪನ್ನು ಅದಕ್ಕೆ ಜೋಡಿಸಿದ ಅರ್ಧ ಗಂಟೆಗೆ ದೂರು ಬಂತು: ಮೆಮೊರಿ ತುಂಬಿದೆ, ಬರೆಯಲಾಗದು. ಗೆಳೆಯರ ಮುಖ ಬಾಡಿತು. ಹೊಸ ಆವೃತ್ತಿಯದೇ ತಪ್ಪೆಂದು ಅವರು ಎಣಿಸಿದ್ದರು. ಕೆದಕಿ ನೋಡಿದರೆ, ಲಕ್ಷಗಟ್ಟಲೆ ಕೀಗಳಿಗೆ ಅವಧಿಯನ್ನೇ ಹಾಕಿರಲಿಲ್ಲ. ಎಲಾಸ್ಟಿಕ್ಯಾಶ್‌ನ ಮೂಲ ಹೊಂದಾಣಿಕೆ, ಜಾಗ ಸಾಲದಾದಾಗ ಅವಧಿ ಇರುವ ಕೀಗಳನ್ನು ಮಾತ್ರ ಹೊರಹಾಕುತ್ತದೆ. ಅವಧಿ ಇಲ್ಲದವು ಕದಲುವುದಿಲ್ಲ. ಹಳೆಯ ಕ್ಲಸ್ಟರಿನಲ್ಲಿ ಅದೇ ಕಸ ವರ್ಷಗಳಿಂದ ಸೇರುತ್ತ ಬಂದಿತ್ತು, ದೊಡ್ಡ ನೋಡ್ ಕೊಂಡು ಅದನ್ನು ಮುಚ್ಚಿದ್ದರು ಅಷ್ಟೇ. ಯಾವ ಆವೃತ್ತಿಗೆ ಹೋದರೂ ಅದು ಜತೆಗೇ ಬರುತ್ತಿತ್ತು.

ಕೋಡ್‌ನಲ್ಲಿ ಕೀಗಳಿಗೆ ಅವಧಿ ಹಾಕಲು ಎರಡು ವಾರ ಹಿಡಿಯಿತು. ಆಮೇಲೆ, ಗ್ರಾಹಕರು ಕಡಿಮೆ ಇರುವ ಭಾನುವಾರ ಬೆಳಗಿನ ಜಾವ ನೋಡಿಕೊಂಡು, ಅವರು ವಾಲ್ಕೀ 8.0 ಒತ್ತಿದರು.