ನಿಮ್ಮ ಕ್ಯಾಂಡಿಡ್ ಯಾಕೆ ಯಾವಾಗಲೂ ಕೆಳಗೇ ನೋಡುತ್ತೆ?

ನನ್ನ ಇನ್‌ಸ್ಟಾಗ್ರಾಮಿನಲ್ಲಿ ಅತಿ ಹೆಚ್ಚು ಲೈಕ್ ಬಿದ್ದಿದ್ದ ಫೋಟೋ ಈಗ ಅಲ್ಲಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ತೆಗೆದದ್ದು. ಚೆಂಡುಹೂವಿನ ಮೂಟೆಗೆ ಒರಗಿ ನಿದ್ದೆ ಹೋದ ಹೂ ಮಾರುವ ಹೆಂಗಸು, ಎಡಗಡೆಯಿಂದ ಓರೆಯಾಗಿ ಬಿದ್ದ ಬಿಸಿಲು, ಹಳದಿ ರಾಶಿಯ ಪಕ್ಕ ನೇರಳೆ ಸೀರೆ. ರೂಲ್ ಆಫ್ ಥರ್ಡ್ಸ್ ಅಂದರೆ ಏನು ಅಂತ ಪಾಠ ಮಾಡೋಕೆ ಇಟ್ಟುಕೊಳ್ಳಬಹುದಾದ ಫ್ರೇಮು.

ಎರಡು ತಿಂಗಳು ಬಿಟ್ಟು ಅದರ ಪ್ರಿಂಟ್ ಹಾಕಿಸಿಕೊಂಡು ಅವರಿಗೆ ಕೊಡೋಕೆ ಹೋದೆ. ದೊಡ್ಡ ಉಪಕಾರ ಮಾಡ್ತಿದ್ದೀನಿ ಅನ್ನೋ ಗತ್ತಿನಲ್ಲೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ಪ್ರಿಂಟನ್ನು ಕಣ್ಣಿಂದ ದೂರ ಹಿಡಿದು ನೋಡಿದರು. "ಬಾಯಿ ತಕ್ಕೊಂಡು ಮಲಗಿದ್ದೀನಲ್ಲಪ್ಪಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಮಾತು ಎಬ್ಬಿಸಬಾರದಾಗಿತ್ತಾ? ಸೆರಗು ಸರಿ ಮಾಡ್ಕೋತಿದ್ದೆ." ಬೈಯಲಿಲ್ಲ. ಪ್ರಿಂಟನ್ನು ಮಡಚಿ, ತಾವು ಕೂತಿದ್ದ ಗೋಣಿಚೀಲದ ಕೆಳಗೆ ಸೇರಿಸಿದರು. "ಎಷ್ಟು ಜನ ನೋಡವ್ರೆ ಇದನ್ನ?" ಅಂತ ಕೇಳಿದರು. ನಾನು ಸಂಖ್ಯೆ ಹೇಳಲಿಲ್ಲ.

ಎಬ್ಬಿಸಿದ್ದರೆ ಫೋಟೋನೇ ಇರ್ತಿರಲಿಲ್ಲ ಅನ್ನೋದು ನಮ್ಮ ಫೋಟೋವಾಕ್ ಗೆಳೆಯರ ವಾದ. ನಿಜ, ಇರ್ತಿರಲಿಲ್ಲ. ಆಗ ಯಾರಿಗೆ ಏನು ನಷ್ಟ ಆಗ್ತಿತ್ತು ಅಂತ ಕೇಳಿದರೆ ಮಾತ್ರ ಎಲ್ಲರೂ ಆರ್ಟ್ ಅಂತಾರೆ, ಕಾರ್ತಿಯೇ ಬ್ರೆಸ್ಸೋನ್ ಅಂತಾರೆ. ಅವರ 'ಡಿಸೈಸಿವ್ ಮೊಮೆಂಟ್' ಪುಸ್ತಕ ಬಂದದ್ದು 1952ರಲ್ಲಿ. ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಸುತ್ತಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ಓಡಾಡುತ್ತಿದ್ದ ಮನುಷ್ಯ. ನಾವು ಅದನ್ನು ಭಕ್ತಿಯಿಂದ ಹೇಳಿಕೊಳ್ತೀವಿ. ಆದರೆ ತನ್ನ ಫೋಟೋ ಯಾರಾದರೂ ತೆಗೆದರೆ ಅದೇ ಮಹಾನುಭಾವನಿಗೆ ಆಗುತ್ತಿರಲಿಲ್ಲ, ಮುಖ ಮರೆಸಿಕೊಳ್ಳುತ್ತಿದ್ದರು ಅನ್ನೋದನ್ನ ವರ್ಕ್‌ಶಾಪಿನಲ್ಲಿ ಯಾರೂ ಹೇಳಿಕೊಡಲ್ಲ.

ಇನ್ನೊಬ್ಬರಿದ್ದಾರೆ, ವಾಕರ್ ಇವಾನ್ಸ್. 1938ರಿಂದ 1941ರವರೆಗೆ ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು, ಗುಂಡಿಗಳ ಸಂದಿಯಿಂದ ಲೆನ್ಸ್ ಇಣುಕಿಸಿ, ಎದುರು ಕೂತವರನ್ನು ಕ್ಲಿಕ್ ಮಾಡಿದವರು. ಕಳ್ಳತನ ಅಂದರೆ ಕಳ್ಳತನವೇ. ಆದರೆ ಅದು ಪುಸ್ತಕವಾಗಿ ಹೊರಗೆ ಬಂದದ್ದು 1966ರಲ್ಲಿ. ನಾವು ಮೆಟ್ರೋದಿಂದ ಇಳಿಯೋ ಮುಂಚೆ ಸ್ಟೋರಿ ಹಾಕಿರ್ತೀವಿ, ಲೊಕೇಶನ್ ಟ್ಯಾಗ್ ಸಮೇತ.

"ಸಾರ್ವಜನಿಕ ಜಾಗ ಗುರೂ, ಕಾನೂನೇ ಇಲ್ಲ" ಅನ್ನೋದು ಮುಂದಿನ ಅಸ್ತ್ರ. ರಸ್ತೆಯಲ್ಲಿ ಫೋಟೋ ತೆಗೆಯೋದು ಅಪರಾಧ ಅಂತ ನಾನೂ ಹೇಳ್ತಿಲ್ಲ. ಆದರೆ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸಾರ್ವಜನಿಕ ಜಾಗದಲ್ಲಿ ಇದ್ದ ಮಾತ್ರಕ್ಕೆ ಖಾಸಗಿತನ ಹೋಗಿಬಿಡಲ್ಲ, ಅದು ಅಂಟಿಕೊಂಡಿರೋದು ಜಾಗಕ್ಕಲ್ಲ ಮನುಷ್ಯನಿಗೆ ಅನ್ನೋ ಮಾತು ಆ ತೀರ್ಪಿನಲ್ಲೇ ಇದೆ. ಆ ಕೇಸಿನ ಜಗಳ ಸರ್ಕಾರದ ಜೊತೆ, ಕ್ಯಾಮೆರಾ ಹಿಡಿದ ಸಾಫ್ಟ್‌ವೇರ್ ಹುಡುಗರ ಜೊತೆ ಅಲ್ಲ, ಒಪ್ಪಿದೆ. ಮಾತು ನಮಗೂ ತಾಗುತ್ತೆ ತಾನೇ?

ಅದಿರಲಿ, ಕಾನೂನಿಗಿಂತ ನನ್ನನ್ನು ಕಾಡೋದು ಲೆನ್ಸಿನ ದಿಕ್ಕು. ಮಾರ್ಕೆಟ್ಟಿನ ಮೇಲ್ಮಹಡಿಯಿಂದ ಕೆಳಗಿನ ಹೂವಿನ ರಾಶಿ, ತಲೆಗಳು, ಬುಟ್ಟಿಗಳು: ಆ ಫೋಟೋ ತೆಗೆಯದ ಬೆಂಗಳೂರಿನ ಫೋಟೋಗ್ರಾಫರ್ ಇದ್ದಾನಾ? ಅಕ್ಷರಶಃ ಮೇಲಿಂದ ಕೆಳಕ್ಕೆ ನೋಡ್ತೀವಿ. ಮಾಲ್‌ನಲ್ಲಿ ದೊಡ್ಡ ಕ್ಯಾಮೆರಾ ಎತ್ತಿ ನೋಡಿ, ಸೆಕ್ಯೂರಿಟಿ ಬರ್ತಾರೆ. ಆಫೀಸ್ ಕ್ಯಾಬಿನಲ್ಲಿ ಬಾಯಿ ತೆರೆದು ಮಲಗಿದ ನಿಮ್ಮ ಮ್ಯಾನೇಜರ್ ಫೋಟೋ ಹಾಕ್ತೀರಾ? ಬೆಳಕು ಎಷ್ಟೇ ಚೆನ್ನಾಗಿ ಬಿದ್ದಿರಲಿ, ಹಾಕಲ್ಲ. ಗೋಡೆ ಇರುವವರಿಗೆ ಖಾಸಗಿತನ ಬಾಡಿಗೆ ಜೊತೆಗೇ ಬರುತ್ತೆ. ಫುಟ್‌ಪಾತ್ ನಮಗೆ ದಾರಿ. ಅವರಿಗೆ ಅಂಗಡಿ, ಊಟದ ಮನೆ, ಮಧ್ಯಾಹ್ನದ ಮಂಚ. ಅವರ ಮಲಗುವ ಕೋಣೆಗೆ ನಾವು ಸಾರ್ವಜನಿಕ ಜಾಗ ಅಂತ ಹೆಸರಿಟ್ಟು ನುಗ್ತಿದ್ದೀವಿ. ಒಳಗೆ ಹೋದಮೇಲೆ ಅವರು ಮನುಷ್ಯರೂ ಅಲ್ಲ, ನೇರಳೆ ಬಣ್ಣದ ಒಂದು ತುಣುಕು. ನನ್ನ ಫೋಟೋಗೆ ನಾನು ಕೊಟ್ಟಿದ್ದ ಕ್ಯಾಪ್ಷನ್ನೂ ಹೂವಿನ ಬಗ್ಗೆಯೇ ಇತ್ತು.

ಹಾಗಂತ ಎಲ್ಲರೂ ಬೆನ್ನು, ನೆರಳು, ಕೈ ಮಾತ್ರ ತೆಗೀರಿ ಅನ್ನೋ ಪಂಗಡಕ್ಕೂ ನಾನು ಸೇರಿದವನಲ್ಲ. ಐವತ್ತು ವರ್ಷದ ನಂತರ ಯಾರೋ ನಮ್ಮ ಕಾಲದ ಬೆಂಗಳೂರನ್ನು ನೋಡುವಾಗ ಅದರಲ್ಲಿ ಮುಖವೇ ಇಲ್ಲದಿದ್ದರೆ ಅದೂ ಒಂದು ಅನ್ಯಾಯ. ಎಚ್ಚರ ಇರುವವರನ್ನು, ಕೆಲಸದಲ್ಲಿ ಇರುವವರನ್ನು ತೆಗೀರಿ. ತೆಗೆದಮೇಲೆ ಸ್ಕ್ರೀನ್ ತಿರುಗಿಸಿ ತೋರಿಸಿ. ಬೇಡ ಅಂದರೆ ಅವರ ಕಣ್ಣೆದುರೇ ಅಳಿಸಿ. ಮಲಗಿದವರು, ಅಳುತ್ತಿರುವವರು, ಬೀದಿ ನಲ್ಲಿಯಲ್ಲಿ ಸ್ನಾನ ಮಾಡ್ತಿರುವವರು ಇವರನ್ನು ಬಿಟ್ಟುಬಿಡಿ. ಒಳ್ಳೊಳ್ಳೆ ಫ್ರೇಮು ಕೈತಪ್ಪುತ್ತವೆ. ತಪ್ಪಲಿ.

ಕಳೆದ ಭಾನುವಾರ ಮತ್ತೆ ಮಾರ್ಕೆಟ್ಟಿಗೆ ಹೋಗಿದ್ದೆ. ನಮ್ಮ ಗುಂಪಿನ ಹೊಸ ಹುಡುಗ ಒಬ್ಬ, ಕೈಗಾಡಿಯ ಮೇಲೆ ಮಲಗಿದ್ದ ಹಮಾಲಿಯ ಮುಂದೆ ಮಂಡಿಯೂರಿ, ಬಗ್ಗಿ, ಆ್ಯಂಗಲ್ ಹುಡುಕ್ತಿದ್ದ. ನಾನು ಆ ಹುಡುಗನ ಫೋಟೋ ತೆಗೆದೆ. ಕ್ಲಿಕ್ ಸದ್ದಿಗೆ ತಿರುಗಿದ. ತೋರಿಸಿದೆ. "ಬ್ರೋ, ಇದನ್ನ ಮಾತ್ರ ಎಲ್ಲೂ ಹಾಕ್ಬೇಡಿ, ಹೊಟ್ಟೆ ಕಾಣ್ತಿದೆ" ಅಂದ.

ಅವನ ಎದುರೇ ಡಿಲೀಟ್ ಮಾಡಿದೆ.