ಪೊಲೀಸರ ಪುಸ್ತಕ, ನಮ್ಮ ಪುಸ್ತಕ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಬನಹಟ್ಟಿಯ ನೇಕಾರರ ಮನೆತನ. ಹುಡುಗಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಬರುವ ಸೋಮವಾರದಿಂದ ಪೊಲೀಸ್ ಇಲಾಖೆಯ ಅಪರಾಧ ವಿಶ್ಲೇಷಣೆ ವಿಭಾಗದಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್, ಅಂದರೆ ಕೆಲಸ ಕಲಿಯುವ ಉಮೇದುವಾರಿಕೆ. "ಖಾಕಿ ಗೀಕಿ ಏನಿಲ್ರಿ ಮೇಡಂ, ಬರೇ ಕಂಪ್ಯೂಟರ್ ಮುಂದ ಕುಂತು ಅಂಕಿ ನೋಡೂದು" ಎಂದಳು. ತಾಯಿಯ ಚಿಂತೆ ಬೇರೆ. ಪೊಲೀಸರ ಆಫೀಸಿಗೆ ಹೋಗಿ ಬಂದ ಹುಡುಗಿಗೆ ನಾಳೆ ಹುಂಡಾ ಎಷ್ಟು ಹೆಚ್ಚು ಕೇಳುತ್ತಾರೋ ಎಂದು!

ಬರೇ ಅಂಕಿ ಎಂದಳಲ್ಲ, ಆ ಮಾತು ಅವರು ಹೋದ ಮೇಲೂ ನನ್ನನ್ನು ಬಿಡಲಿಲ್ಲ.

ಅಂಕಿ ಎಲ್ಲಿಂದ ಬರುತ್ತದೆ? ಒಂದು ಹೆಣ್ಣುಮಗಳು ಸುಟ್ಟು ಸತ್ತಳು ಎನ್ನಿ. ಠಾಣೆಯಲ್ಲಿ ಅದು ಅಸ್ವಾಭಾವಿಕ ಸಾವು ಎಂದು ದಾಖಲಾದರೆ ಯು.ಡಿ.ಆರ್. ಆಗುತ್ತದೆ. ಯಾರಾದರೂ ಧೈರ್ಯ ಮಾಡಿ ದೂರು ಕೊಟ್ಟರೆ ಪ್ರಥಮ ವರ್ತಮಾನ ವರದಿ, ಎಫ್.ಐ.ಆರ್. ಆಗುತ್ತದೆ. ಹೀಗೆ ಠಾಣೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಕ್ಕೆ ಲೆಕ್ಕ ಹೋಗುತ್ತದೆ. ದೇಶದಲ್ಲಿ 2022ರಲ್ಲಿ 6,450 ವರದಕ್ಷಿಣೆ ಸಾವಿನ ಪ್ರಕರಣಗಳು ಎಂದು ಆ ಬ್ಯೂರೋದ ಪುಸ್ತಕ ಹೇಳಿತು. ಆದರೆ ಆ ಪುಸ್ತಕಕ್ಕೆ ಒಂದು ನಿಯಮವಿದೆ. ಒಂದೇ ಎಫ್.ಐ.ಆರ್.ನಲ್ಲಿ ಹಲವು ಕಲಮುಗಳಿದ್ದರೆ, ಅತಿ ಘೋರವಾದ ಒಂದನ್ನು ಮಾತ್ರ ಎಣಿಸುವುದು. ಕೊಲೆ, ವರದಕ್ಷಿಣೆ ಸಾವು, ಕಿರುಕುಳ ಮೂರೂ ಕಲಮು ಹಾಕಿದ್ದರೆ ಅದು ಕೊಲೆಯ ಕಾಲಮ್ಮಿಗೆ ಹೋಗುತ್ತದೆ. ವರದಕ್ಷಿಣೆಯ ಕಾಲಮ್ಮಿನಲ್ಲಿ ಅವಳಿಲ್ಲ. ಯು.ಡಿ.ಆರ್.ನಲ್ಲೇ ಮುಗಿದುಹೋದವಳಂತೂ ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಇದನ್ನು ಮೊದಲು ಕೆದಕಿ ನೋಡಿದವರು ಪೊಲೀಸರಲ್ಲ, ಹೆಂಗಸರು. ಬೆಂಗಳೂರಿನ ವಿಮೋಚನಾ ಸಂಘಟನೆಯವರು 1997ರಿಂದ ನಗರದಲ್ಲಿ ಹೆಣ್ಣುಮಕ್ಕಳ ಅಸ್ವಾಭಾವಿಕ ಸಾವುಗಳ ದಾಖಲೆಗಳನ್ನು ಒಂದೊಂದಾಗಿ ಓದಿದರು, ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕುಳಿತರು. 1997ರಿಂದ 1999ರ ಜುಲೈ ಮಧ್ಯದವರೆಗೆ 1,133 ಸಾವುಗಳು. ಅದರಲ್ಲಿ ಕೊಲೆ ಎಂದು ನಡೆಸಿದ್ದು 157. ಉಳಿದವು ಆತ್ಮಹತ್ಯೆ, ಅಪಘಾತ! ಸ್ಟೋ ಸಿಡಿಯಿತು, ಸೀರೆಗೆ ಬೆಂಕಿ ಹತ್ತಿತು. ಸೊಸೆ ಹಚ್ಚಿದಾಗಲೇ ಏಕೆ ಸಿಡಿಯುತ್ತದೆ, ಅತ್ತೆ ಹಚ್ಚಿದಾಗ ಏಕಿಲ್ಲ ಎಂದು ಅಂದು ಕೇಳಿದ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ. ನನ್ನ ಮಟ್ಟಿಗೆ ಅದೇ ನಿಜವಾದ ಅಪರಾಧ ವಿಶ್ಲೇಷಣೆ. ಕಂಪ್ಯೂಟರ್ ಇರಲಿ, ಇಲ್ಲದಿರಲಿ.

ಇಷ್ಟು ಹೇಳಿ ನನ್ನದೊಂದನ್ನು ಮುಚ್ಚಿಟ್ಟರೆ ತಪ್ಪಾದೀತು. 1990ರ ದಶಕದ ಆರಂಭದಲ್ಲಿ ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಹುಡುಗಿಯೊಬ್ಬಳು ಮದುವೆಯಾಗಿ ಎರಡು ವರ್ಷಕ್ಕೆ ಸುಟ್ಟು ತೀರಿಕೊಂಡಳು. ನಾನು ಹೋಗಿದ್ದೆ. ಸ್ಟೋ ಸಿಡಿಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಅಡಿಗೆಮನೆಯಲ್ಲಿ ಸ್ಟೋ ನೆಟ್ಟಗೆ ಕುಳಿತಿತ್ತು, ಸೀಮೆಎಣ್ಣೆಯ ವಾಸನೆ ಹಿತ್ತಲಲ್ಲಿತ್ತು. ಅದಕ್ಕೂ ಆರು ವಾರ ಮೊದಲು ಅವಳು ನನಗೊಂದು ಪತ್ರ ಬರೆದಿದ್ದಳು. ಮೋಟಾರ್ ಸೈಕಲ್ ತರದಿದ್ದರೆ ತವರಿಗೆ ಕಳಿಸಿಬಿಡುತ್ತೇವೆ ಎನ್ನುತ್ತಾರೆ ಎಂದು. ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತು ಎಂದು ತೋರಿಸಬೇಕೆಂದು ಕಾನೂನು ಕೇಳುತ್ತದೆ. ಅದನ್ನು ತೋರಿಸುವ ಕಾಗದ ನನ್ನ ಟ್ರಂಕಿನಲ್ಲಿತ್ತು. ಅವಳ ತಂದೆ ಕೈಮುಗಿದು, "ಇನ್ನಾ ಎರಡು ಹೆಣ್ಣಮಕ್ಕಳದ್ದು ಲಗ್ನ ಆಗಬೇಕ್ರಿ ಬಾಯಾರ" ಎಂದರು. ನಾನು ಸುಮ್ಮನಾದೆ. ವರದಕ್ಷಿಣೆ ಸಾವಿನ 304-ಬಿ ಕಲಮು 1986ರಲ್ಲಿಯೇ ಬಂದಿತ್ತು, ಅದನ್ನು ಕಲಿತವಳೂ ಆಗಿದ್ದೆ. ಆದರೂ ಆ ಸಾವು ಅಪಘಾತವೆಂದೇ ಬರೆದು ಮುಗಿಯಿತು. ತಪ್ಪು ಲೆಕ್ಕ ಬರೆದವರಲ್ಲಿ ನಾನೂ ಒಬ್ಬಳು.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಜಮಖಂಡಿ, ರಬಕವಿ ಕಡೆಯ ಎಷ್ಟೋ ಹೆಣ್ಣುಮಕ್ಕಳನ್ನು ಜತ್ತ, ಮೀರಜ, ಸಾಂಗಲಿಗೆ ಕೊಡುತ್ತೇವೆ. ಅವಳು ಅಲ್ಲಿ ಸತ್ತರೆ ಲೆಕ್ಕ ಮಹಾರಾಷ್ಟ್ರದ್ದು. ಅತ್ತದ್ದು ಮುಧೋಳದ ತಾಯಿ, ಬಾಗಲಕೋಟೆ ಜಿಲ್ಲೆಯ ಅಂಕಿಯಲ್ಲಿ ಸೊನ್ನೆ. ಬದುಕಿ ತವರಿಗೆ ಓಡಿ ಬಂದವಳಿಗೆ ಮಾತ್ರ ಒಂದು ದಾರಿ ತೆರೆದಿದೆ. ಅವಳು ಆಶ್ರಯ ಪಡೆದ ಊರಿನಲ್ಲಿಯೇ ಕಿರುಕುಳದ ಮೊಕದ್ದಮೆ ನಡೆಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. "ಆ ಊರಿಗೇ ಹೋಗಿ ಕೊಡ್ರಿ" ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

2024ರ ಜುಲೈ 1ರಿಂದ ಕಾನೂನಿನ ಹೆಸರು, ಅಂಕಿ ಬದಲಾಗಿವೆ. 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86, 304-ಬಿ ಈಗ 80. ಒಳಗಿನ ತಿರುಳು ಅದೇ. ಮದುವೆಯಾದ ಏಳು ವರ್ಷದೊಳಗೆ ಸಂಶಯದ ಸಾವಾದರೆ ಮ್ಯಾಜಿಸ್ಟ್ರೇಟರ ಅಧಿಕಾರವುಳ್ಳವರು, ಸಾಮಾನ್ಯವಾಗಿ ತಹಶೀಲ್ದಾರರು, ವಿಚಾರಣೆ ಮಾಡಬೇಕು. ಅದಕ್ಕೇ ಲಗ್ನಪತ್ರಿಕೆ, ಫೋಟೊ ಜೋಪಾನವಾಗಿಡಿ, ಮದುವೆಯ ತಾರೀಖಿಗೆ ಅವೇ ಸಾಕ್ಷಿ. ದೂರು ಬಾಯಿಮಾತಿನಲ್ಲಿ ಬಿಡಬೇಡಿ. ಎಫ್.ಐ.ಆರ್. ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ ಕಳಿಸಬಹುದು.

ಇನ್ನು ನಮ್ಮ ಪುಸ್ತಕದ ಮಾತು. ಕೋಪಿಸಿಕೊಳ್ಳಬೇಡಿ. ಸಂಘದ ಠರಾವಿನಲ್ಲಿ "ಎಮ್ಮೆ ಖರೀದಿ", "ಮಗ್ಗ ದುರಸ್ತಿ" ಎಂದು ಬರೆದು ಸಾಲ ಎತ್ತುತ್ತೇವೆ. ಬಸವ ಜಯಂತಿಯ ಸುತ್ತಿನ ಲಗ್ನದ ದಿನಗಳಲ್ಲಿ ಇಂಥ ಎಮ್ಮೆಗಳು ಬಹಳ! ಒಂದೂ ಕೊಟ್ಟಿಗೆಗೆ ಬರುವುದಿಲ್ಲ, ಅಳಿಯನ ಕೈಬೆರಳಿನ ಉಂಗುರವಾಗಿ ಹೋಗಿರುತ್ತವೆ. ಪೊಲೀಸರು ಕೊಲೆಯನ್ನು ಅಪಘಾತವೆಂದು ಬರೆದರೆ ಮೋರ್ಚಾ ತೆಗೆಯುವ ನಾವು, ಹುಂಡಾವನ್ನು ಎಮ್ಮೆ ಎಂದು ಬರೆಯುತ್ತೇವೆ. 1961ರ ವರದಕ್ಷಿಣೆ ನಿಷೇಧ ಕಾನೂನಿನಲ್ಲಿ ಕೊಡುವುದೂ ಅಪರಾಧ. ಆದರೆ ನೊಂದವಳು ಬಾಯಿಬಿಟ್ಟು ಹೇಳಿದ ಮಾತನ್ನೇ ಹಿಡಿದು ಅವಳ ಮೇಲೆ ಮೊಕದ್ದಮೆ ಹಾಕುವಂತಿಲ್ಲ, ಅದೂ ಅದೇ ಕಾನೂನಿನಲ್ಲಿದೆ. ಆದ್ದರಿಂದ ಹೆದರಿಕೆಗೆ ಸುಳ್ಳು ಬರೆಯುವ ಕಾರಣವಿಲ್ಲ.

ಸೋಮವಾರ ಕೆಲಸಕ್ಕೆ ಹೋಗುವ ಹುಡುಗಿಗೆ ನಾನು ಒಂದೇ ಮಾತು ಹೇಳಿ ಕಳಿಸಿದ್ದೇನೆ. ವರದಕ್ಷಿಣೆ ಎಂಬ ಕಾಲಮ್ಮು ನೋಡಿ ಎದ್ದುಬಿಡಬೇಡ, ಮೇಲಿನವರ ಅನುಮತಿ ಕೇಳಿ ಯು.ಡಿ.ಆರ್. ಕಾಲಮ್ಮನ್ನೂ ತೆರೆ, ಹದಿನೆಂಟರಿಂದ ಮೂವತ್ತರ ಒಳಗಿನ ವಿವಾಹಿತೆಯರು ಎಷ್ಟು ಜನ ನೋಡು, ಮದುವೆಯಾಗಿ ಎಷ್ಟು ವರ್ಷವಾಗಿತ್ತು ಎಂದು ಬರೆದಿದ್ದಾರೋ ಇಲ್ಲವೋ ನೋಡು ಎಂದು. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತಾಯಿ ಏನೂ ಮಾತಾಡಲಿಲ್ಲ.

ನಿಮ್ಮಿಂದ ನಾನು ಕೇಳುವುದು ಹೀಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಸಂಘಗಳು ಕಳೆದ ಮೂರು ವರ್ಷದ ಠರಾವು ಪುಸ್ತಕ ತೆಗೆದು, ಯಾವ ತಿಂಗಳಲ್ಲಿ ಎಷ್ಟು ಸಾಲ ಎತ್ತಿದ್ದೇವೆ, ಅದು ನಿಜವಾಗಿ ಎಲ್ಲಿಗೆ ಹೋಯಿತು ಎಂದು ಕೂಡಿ ಕುಳಿತು ಬರೆಯಿರಿ. ಯಾರ ಹೆಸರೂ ಬೇಡ. ಒಬ್ಬ ಸದಸ್ಯೆ ಎರಡು ವಾರ ಸಭೆಗೆ ಬಾರದಿದ್ದರೆ ಏಕೆ ಬರಲಿಲ್ಲ ಎಂದು ಮನೆಗೆ ಹೋಗಿ ಕೇಳಿ, ಆ ತಾರೀಖನ್ನೂ ಹಾಕಿ. ಮುಂದಿನ ಸಂಚಿಕೆಯೊಳಗೆ ಕಳಿಸಿದರೆ ನಾಲ್ಕೂ ತಾಲೂಕಿನದನ್ನು ಕೂಡಿಸಿ ಇಲ್ಲಿಯೇ ಅಚ್ಚು ಹಾಕುತ್ತೇವೆ.