ಒಣಗುವುದಕ್ಕೆ ವಂಕಿಯೇ ಕಾರಣವೇ?

ಚೌಳಹಿರಿಯೂರು ಹೋಬಳಿಯಲ್ಲಿ ನಾವು ಮಾತಾಡಿಸಿದ ಹೆಣ್ಣುಮಕ್ಕಳಲ್ಲಿ ಯಾರೂ ‘ಯೋನಿ ಶುಷ್ಕತೆ’ ಎನ್ನಲಿಲ್ಲ. ಪದವಿ ಓದುವಾಗ ಆರೋಗ್ಯ ವರದಿಗಾರಿಕೆಯ ತರಗತಿಯಲ್ಲಿ ನಮಗೆ ಕಲಿಸಿದ ಪದ ಅದು. ಅವರು ಹೇಳಿದ್ದು ಬೇರೆ. ‘ವಂಕಿ ಹಾಕಿಸ್ಕೊಂಡಾಗಿಂದ ಒಳಗೆ ಒಣಗಿದಂಗೆ ಆಗುತ್ತಕ್ಕ, ಉರಿಯುತ್ತೆ. ರಾತ್ರಿ ಆದ್ರೆ ಹೆದರಿಕೆ.’ ಹೇಳಿದವಳಿಗೆ ಇಪ್ಪತ್ತಮೂರು ವರ್ಷ, ಮಗುವಿಗೆ ಏಳು ತಿಂಗಳು. ತೋರಿಸಿಕೊಳ್ಳಲು ಹೋದಾಗ ‘ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೋಗಮ್ಮ’ ಎಂದು ಕಳಿಸಿದರಂತೆ. ಈ ಬರಹ ಆ ಉತ್ತರದ ಬಗ್ಗೆ. ನಮ್ಮ ಗುಂಪಿನ ಹುಡುಗರು ವಿಷಯ ಕೇಳಿ ಮೊದಲು ತಲೆ ತಗ್ಗಿಸಿದರು. ಕೆರೆ, ರಸ್ತೆ, ಕೊಬ್ಬರಿ ರೇಟಿನ ಬಗ್ಗೆ ಬರೆಯುವಾಗ ಯಾರೂ ತಗ್ಗಿಸುವುದಿಲ್ಲ.

ಆಸ್ಪತ್ರೆಯವರು ಕೊಟ್ಟ ಉತ್ತರ ಅರ್ಧ ಸರಿ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ವಂಕಿ, ಅಂದರೆ ಕಾಪರ್-ಟಿ, ಪ್ಲಾಸ್ಟಿಕ್ ಮತ್ತು ತಾಮ್ರದ್ದು. ತಾಮ್ರದ ಕಣಗಳು ವೀರ್ಯಾಣುವನ್ನು ನಿಷ್ಕ್ರಿಯಗೊಳಿಸುತ್ತವೆ, ಅಷ್ಟೇ ಅದರ ಕೆಲಸ. ಅದರಲ್ಲಿ ಹಾರ್ಮೋನು ಇಲ್ಲ. ಅಂಡಾಶಯ ಎಂದಿನಂತೆ ಕೆಲಸ ಮಾಡುತ್ತದೆ, ತಿಂಗಳು ತಿಂಗಳು ಅಂಡ ಬಿಡುಗಡೆಯಾಗುತ್ತದೆ. ಯೋನಿಯನ್ನು ತೇವವಾಗಿ, ಮೆತ್ತಗೆ ಇಡುವುದು ಅಂಡಾಶಯದಿಂದ ಬರುವ ಈಸ್ಟ್ರೋಜೆನ್. ಅದನ್ನು ವಂಕಿ ಮುಟ್ಟುವುದಿಲ್ಲ. ವಂಕಿ ಇರುವುದು ಗರ್ಭಕೋಶದ ಒಳಗೆ, ಯೋನಿಗೆ ಇಳಿದಿರುವುದು ಅದರ ದಾರ ಮಾತ್ರ.

ಹಾಗಾದರೆ ಆ ಹೆಣ್ಣುಮಗಳು ಸುಳ್ಳು ಹೇಳಿದಳೇ? ಇಲ್ಲ. ಆಕೆಗೆ ವಂಕಿ ಹಾಕಿದ್ದು ಹೆರಿಗೆಯಾದ ಮಾರನೆಯ ದಿನ. ಹೆರಿಗೆಯಾದ 48 ಗಂಟೆಯೊಳಗೆ ವಂಕಿ ಹಾಕುವುದು ಈಗ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅಂದಿನಿಂದಲೇ ಆಕೆ ಎದೆಹಾಲು ಉಣಿಸುತ್ತಿದ್ದಾಳೆ. ಹಾಲೂಡಿಸುವಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಈಸ್ಟ್ರೋಜೆನ್ ತಗ್ಗುತ್ತದೆ. ಬಾಣಂತಿಗೆ ತಿಂಗಳುಗಟ್ಟಲೆ ಮುಟ್ಟು ಬಾರದಿರುವುದಕ್ಕೂ ಯೋನಿ ಒಣಗುವುದಕ್ಕೂ ಕಾರಣ ಒಂದೇ. ಎರಡು ಸಂಗತಿ ಒಂದೇ ವಾರದಲ್ಲಿ ಶುರುವಾದವು. ಕಣ್ಣಿಗೆ ಕಾಣುವ ವಂಕಿಯ ಮೇಲೆ ಅಪವಾದ ಬಂತು. ಇದನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕಿತ್ತು.

ಇನ್ನೊಂದು ತುದಿಯಲ್ಲೂ ಹೀಗೇ. ಕಾಪರ್-ಟಿ 380ಎ ಹತ್ತು ವರ್ಷ ಇರುತ್ತದೆ. ಮೂವತ್ತೈದಕ್ಕೆ ಹಾಕಿಸಿಕೊಂಡವಳು ನಲವತ್ತೈದಕ್ಕೆ ಬರುವ ಹೊತ್ತಿಗೆ ಮುಟ್ಟು ನಿಲ್ಲುವ ಕಾಲ ಹತ್ತಿರವಾಗಿರುತ್ತದೆ, ಈಸ್ಟ್ರೋಜೆನ್ ತಾನಾಗಿಯೇ ಇಳಿಯುತ್ತದೆ. ಆಗಲೂ ಬೈಗುಳ ತಿನ್ನುವುದು ವಂಕಿಯೇ. ಇವೆರಡರ ನಡುವಿನ ವಯಸ್ಸಿನವರಿಗೆ ಸೋಂಕು, ಸಕ್ಕರೆ ಕಾಯಿಲೆ, ನೆಗಡಿ ಅಲರ್ಜಿಯ ಕೆಲವು ಮಾತ್ರೆ, ಸೋಪು ಡೆಟಾಲ್ ಹಾಕಿ ತೊಳೆಯುವ ಅಭ್ಯಾಸ ಕಾರಣವಾಗಬಹುದು. ಹೊಲ, ದನ, ಅಡುಗೆ ಮುಗಿಸಿ ಮಲಗಿದವಳ ಮನಸ್ಸು ಬಯಸುವ ಮೊದಲೇ ಗಂಡ ಅವಸರ ಮಾಡುವುದೂ ಒಂದು ಕಾರಣ. ಇದನ್ನು ಯಾವ ಚೀಟಿಯಲ್ಲೂ ಬರೆಯುವುದಿಲ್ಲ.

ಖಾಸಗಿ ಆಸ್ಪತ್ರೆಗಳಲ್ಲಿ ಹಾಕುವ ಹಾರ್ಮೋನಿನ ವಂಕಿಯ ಮಾತು ಬೇರೆ. ಮಿರೇನಾದಂಥವು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ಚೂರುಚೂರೇ ಬಿಡುತ್ತವೆ. ಅದು ಬಹುಪಾಲು ಗರ್ಭಕೋಶದಲ್ಲೇ ಕೆಲಸ ಮಾಡುತ್ತದೆ, ಹೆಚ್ಚಿನವರಲ್ಲಿ ಅಂಡಾಶಯ ನಡೆಯುತ್ತಲೇ ಇರುತ್ತದೆ. ಆದರೂ ಒಣಗಿದಂತಾಗುತ್ತದೆ ಎನ್ನುವ ಮಹಿಳೆಯರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಈಸ್ಟ್ರೋಜೆನ್ನನ್ನು ತಗ್ಗಿಸುವಂಥದ್ದು. ಹಾಗಾಗಿ ಒಣಗುತ್ತದೆ ಎಂದು ವಂಕಿ ತೆಗೆಸಿ ಅಂತರಾಕ್ಕೆ ಹೋಗುವವರಿಗೆ ಇದನ್ನು ಮೊದಲೇ ಹೇಳಬೇಕು.

ತಾಮ್ರದ ವಂಕಿಗೆ ತೊಂದರೆಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗಬಹುದು, ಕಿಬ್ಬೊಟ್ಟೆ ಹಿಡಿದುಕೊಳ್ಳಬಹುದು. ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ಮಾತಲ್ಲ. ದಾರ ಚುಚ್ಚುತ್ತದೆಂದು ಗಂಡ ದೂರುವುದೂ ಉಂಟು, ಅದಕ್ಕೆ ದಾರವನ್ನು ಕತ್ತರಿಸಿ ಸರಿಪಡಿಸಬಹುದು. ಜ್ವರ, ನಾರುವ ಬಿಳಿಸೆರಗು, ತಾಳಲಾರದ ಹೊಟ್ಟೆನೋವು ಇದ್ದರೆ ಕಾಯದೆ ತೋರಿಸಬೇಕು.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಬರೆಯುವುದೇಕೆ ಎನ್ನುವವರಿಗೆ ಬೀರೂರು ನೆನಪಿಸುತ್ತೇವೆ. ನಮ್ಮದೇ ಕಡೂರು ತಾಲೂಕಿನ ಆ ಪಟ್ಟಣದ ಸುತ್ತಲಿನ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದರೆಂಬ ದೂರು ದಶಕದ ಹಿಂದೆ ರಾಜ್ಯವಿಡೀ ಸುದ್ದಿಯಾಗಿತ್ತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಆಪರೇಷನ್ ಎಂಬ ಉತ್ತರ ಹೇಗೆ ಸಿಗುತ್ತದೆಂದು ಆಗ ನೋಡಿದೆವು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜೆನ್ ಒಮ್ಮೆಗೇ ನಿಲ್ಲುತ್ತದೆ. ಮೂವತ್ತರ ಹೆಂಗಸು ರಾತ್ರಿ ಬೆಳಗಾಗುವುದರೊಳಗೆ ಮುಟ್ಟು ನಿಂತ ಮುದುಕಿಯಂತಾಗುತ್ತಾಳೆ. ಒಣಗುವಿಕೆ ನಿಜವಾಗಿ ಕಾಡುವುದು ಅಲ್ಲಿ. ‘ಸಂಬಂಧವಿಲ್ಲ’ ಎಂಬ ಒಂದೇ ಮಾತಿನಿಂದ ವಾಪಸಾದವಳು ಸುಮ್ಮನೆ ಕೂರುವುದಿಲ್ಲ, ಇನ್ನೊಂದು ಬಾಗಿಲು ತಟ್ಟುತ್ತಾಳೆ. ಆ ಬಾಗಿಲಲ್ಲಿ ಯಾರು ಕೂತಿರುತ್ತಾರೋ ಗೊತ್ತಿಲ್ಲ.

ಅಷ್ಟು ದೂರ ಹೋಗದಿದ್ದರೂ ಸಂತಾನಹರಣ ಚಿಕಿತ್ಸೆಯಂತೂ ಇದ್ದೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಅದನ್ನು ಮಾಡಿಸಿಕೊಂಡವರು. ವಂಕಿ ಹಾಕಿಸಿಕೊಂಡವರು ಬೆರಳೆಣಿಕೆ. ಗಂಡಸರ ಚಿಕಿತ್ಸೆ ಲೆಕ್ಕಕ್ಕೇ ಸಿಗುವುದಿಲ್ಲ. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನದ ಜನ ನಾವು. ಆಗ ಈ ಕಡೂರೇ ಒಂದು ಜಿಲ್ಲೆ. ತೊಂಬತ್ತು ವರ್ಷ ಕಳೆದರೂ ಆಯ್ಕೆ ಎಂದರೆ ಹೆಂಗಸಿನ ಆಪರೇಷನ್ ಎಂದೇ ಅರ್ಥ. ಬೇಕೆಂದಾಗ ತೆಗೆಸಿ ಮತ್ತೆ ಬಸಿರಾಗಬಹುದಾದ ವಂಕಿಗೆ ಕೆಟ್ಟ ಹೆಸರು ಬಂದಷ್ಟೂ ಈ ಲೆಕ್ಕ ಹೀಗೇ ಉಳಿಯುತ್ತದೆ. ಆ ಕೆಟ್ಟ ಹೆಸರು ತರುತ್ತಿರುವುದು ಅಜ್ಞಾನಕ್ಕಿಂತ ಹೆಚ್ಚಾಗಿ, ಮಾತಾಡದೆ ವಂಕಿ ಹಾಕಿ ಕಳಿಸುವ ಕ್ರಮ. ನಾವು ಭೇಟಿಯಾದವರಲ್ಲಿ ಇಬ್ಬರಿಗೆ ಹೆರಿಗೆ ಮನೆಯಿಂದ ಹೊರಬಂದ ಮೇಲೆಯೇ ವಂಕಿ ಹಾಕಿದ್ದು ಗೊತ್ತಾಗಿದ್ದು. ಇದು ಕಾರ್ಯಕ್ರಮದ ಯಶಸ್ಸಲ್ಲ, ಕಳ್ಳತನ.

ನಾವು ಕೇಳುವುದು ಹೆಚ್ಚೇನಿಲ್ಲ. ಆರು, ಹತ್ತು, ಹದಿನಾಲ್ಕು ವಾರಕ್ಕೆ ತಾಯಂದಿರು ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದೇ ಬರುತ್ತಾರೆ. ಆ ದಿನ ನರ್ಸಮ್ಮನೋ ಆಶಾ ಅಕ್ಕನೋ ಅತ್ತೆಯನ್ನು ಆಚೆ ಕೂರಿಸಿ, ‘ಗಂಡನ ಜೊತೆ ಸೇರುವಾಗ ನೋವಿದೆಯೇನಮ್ಮ?’ ಎಂದು ಕೇಳಲಿ. ನಾವು ಮಾತಾಡಿಸಿದ ಯಾರಿಗೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನೀರಿನಂಶದ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆಂದು ಹೇಳಲಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಂಡೋಮ್ ಹರಿಯುವ ಅಪಾಯವಿದೆ ಎಂದೂ ಹೇಳಲಿ. ಮುಟ್ಟು ನಿಂತವರಿಗೆ ವೈದ್ಯರು ಬರೆದುಕೊಡುವ ಈಸ್ಟ್ರೋಜೆನ್ ಕ್ರೀಮ್ ಇದೆ. ಎಲ್ಲ ಕೇಳಿಯೂ ತೆಗೆಸುತ್ತೇನೆ ಎಂದರೆ ಬೈಯದೆ ತೆಗೆಯಲಿ. ಕೆಲವೇ ನಿಮಿಷದ ಕೆಲಸ ಅದು, ಅವಳ ಹಕ್ಕು.

ಆ ಇಪ್ಪತ್ತಮೂರರ ಹೆಣ್ಣುಮಗಳು ಕೊನೆಗೆ ವಂಕಿ ತೆಗೆಸಿದಳು. ಮಗು ಇನ್ನೂ ಹಾಲು ಕುಡಿಯುತ್ತಿದೆ, ಒಣಗುವುದು ಹಾಗೇ ಇದೆ. ಮನೆಯಲ್ಲಿ ಈಗ ಆಪರೇಷನ್ ಮಾತು ನಡೆದಿದೆಯಂತೆ.